ಗಿರಾಕಿಗೆ ಬಿಲ್ಲು ಕೊಡುವ ಕ್ರಮ

ಇವತ್ತು ಬೆಳಿಗ್ಗೆ ಅಡುಗೆಮನೆಯ ಮೇಲಿನ ಹಲಗೆಯಿಂದ ಆ ಸ್ಟೀಲಿನ ತಟ್ಟೆಯನ್ನು ಇಳಿಸಿದೆ. ಅಂಗೈಯಗಲದ ತಟ್ಟೆ, ಒಂದು ಅಂಚು ನಗ್ಗಿದೆ. ಎಷ್ಟು ತಿಕ್ಕಿ ತೊಳೆದರೂ ಅದರಿಂದ ಬಡೇಸೋಪಿನ ವಾಸನೆ ಹೋಗಿಲ್ಲ. ಊಟ ಮುಗಿಸಿದವರು ಬಿಲ್ಲು ನೋಡಿ ನಿಟ್ಟುಸಿರು ಬಿಟ್ಟು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದ ತಟ್ಟೆ ಅದು. ಲೋಹಕ್ಕೆ ನೆನಪಿರುತ್ತದೆ ಎಂದು ನಾನು ಹೇಳಲಾರೆ. ನಾನು ನಿವೃತ್ತ ಗುಮಾಸ್ತ, ಕವಿಯಲ್ಲ. ಆದರೆ ಮೂಗಿಗೆ ಇರುತ್ತದೆ. ತಟ್ಟೆಯನ್ನು ಮುಖದ ಹತ್ತಿರ ತಂದದ್ದೇ ತಡ, ಎದುರುಮನೆಯ ಅಣ್ಣ ಬಿಳಿ ಲುಂಗಿಯನ್ನು ಮೊಣಕಾಲಿನ ತನಕ ಎತ್ತಿಕಟ್ಟಿಕೊಂಡು ನಮ್ಮ ಬಾಗಿಲಲ್ಲಿ ನಿಂತು, "ಎಂತ ಮಾರಾಯ್ರೆ, ಗಿರಾಕಿಯ ಊಟ ಆಯ್ತಾ?" ಎಂದು ಕೇಳಿದಂತಾಯಿತು...

ತಟ್ಟೆ ಇಳಿಸಲು ಕಾರಣ ನಮ್ಮ ಬೆಕ್ಕು. ಅದಕ್ಕೆ ವಸಡು ಬಾತಿದೆ. ವಯಸ್ಸಾಯಿತು, ಈ ಮನೆಯಲ್ಲಿ ಎಲ್ಲರಿಗೂ ಆಗಿದೆ. ಡಾಕ್ಟರಮ್ಮ ಮತ್ತೆ ಬಾಯಿಗೆ ಹಾಕುವ ಔಷಧಿ ಬರೆದುಕೊಟ್ಟರು. ಬೆಕ್ಕಿಗೆ ಔಷಧಿ ಎಂಬ ಮಾತು ಕೇಳಿದೊಡನೆ ನಾನೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಂಥದೊಂದು ಯುದ್ಧವನ್ನು ನಾವು ಹಿಂದೊಮ್ಮೆ ಮಾಡಿದ್ದೆವು. ಅದರ ಸೇನಾಪತಿ ಈಗ ಇಲ್ಲ.

ಅಣ್ಣ ಎಂದರೆ ನನ್ನ ಅಣ್ಣನಲ್ಲ. ಮುಂಬಯಿಯಲ್ಲಿ ಉಡುಪಿ ಹೋಟೆಲು ನಡೆಸಿದವರೆಲ್ಲ ಊರಿಗೇ ಅಣ್ಣ. ಮಲಾಡಿನಲ್ಲಿ ಸ್ಟೇಷನ್ನಿನಿಂದ ಹೊರಬಿದ್ದವರು ಮೊದಲು ಎಡವುವ ಜಾಗದಲ್ಲೇ ಅವರ ಹೋಟೆಲು ಇತ್ತಂತೆ. ಮಂಡಿಗಳು ರಾಜೀನಾಮೆ ಕೊಟ್ಟ ಮೇಲೆ ಹೋಟೆಲನ್ನು ಬೇರೆಯವರಿಗೆ ವಹಿಸಿ, ಮುಲುಂಡಿನಲ್ಲಿ ಮಗ ಸೊಸೆಯರ ಜೊತೆ ನಮ್ಮ ಎದುರಿನ ಫ್ಲಾಟಿಗೆ ಬಂದರು. ಬರುವಾಗ ಹೋಟೆಲಿನಿಂದ ತಂದದ್ದು ಎರಡೇ ವಸ್ತು: ಈ ತಟ್ಟೆ, ಮತ್ತು ದುಡ್ಡೆಣಿಸುವ ಗಲ್ಲೆಯ ಮೇಲೆ ಕೂತು ಕೂತು ಬಂದ ಗಾಂಭೀರ್ಯ. ಹೋಟೆಲಿನ ಬೋರ್ಡಿನಲ್ಲಿ 'ಶುದ್ಧ ಶಾಕಾಹಾರಿ' ಎಂದು ಬರೆದಿತ್ತು. ಅದು ಹೋಟೆಲಿನ ಮಟ್ಟಿಗೆ ಸತ್ಯ. ಮಾಲೀಕರು ಮೀನಿಲ್ಲದೆ ಊಟಕ್ಕೆ ಕೂರುತ್ತಿರಲಿಲ್ಲ.

ನಾವು ಧಾರವಾಡದ ಕಡೆಯವರು. ಅವರ "ಎಂತ" ಮತ್ತು ನಮ್ಮ "ಏನ್ರೀ" ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಒಂದು ಸಣ್ಣ ಗಡಿ ಚಕಮಕಿ ನಡೆಯುತ್ತಿತ್ತು. ಮುಂಬಯಿಯಲ್ಲಿ ಕನ್ನಡದವರು ಸಿಕ್ಕರೆ ಸಂತೋಷವಾಗುತ್ತದೆ ಎನ್ನುತ್ತಾರೆ. ಆಗುತ್ತದೆ. ಆಮೇಲೆ ಅವರ ಕನ್ನಡದಲ್ಲಿ ತಪ್ಪು ಹುಡುಕುವ ಸಂತೋಷವೂ ಆಗುತ್ತದೆ.

ಆ ವರ್ಷ, ಚಳಿ ಎಂದು ಮುಂಬಯಿಯವರು ಸ್ವೆಟರು ಹಾಕಿಕೊಂಡು ತೋರಿಸಿಕೊಳ್ಳುವ ದಿನಗಳಲ್ಲಿ, ನಮ್ಮ ಸೊಸಾಯಿಟಿಯ ಪಾರ್ಕಿಂಗಿನಲ್ಲಿ ಒಂದು ಸ್ಕೂಟರಿನ ಒಳಗಿನಿಂದ ಮರಿಯ ಕೂಗು ಕೇಳತೊಡಗಿತು. ಸೆಕ್ರೆಟರಿಯವರು ಅದನ್ನು ನೋಟೀಸು ಬೋರ್ಡಿನ ಮೂಲಕ ಬಗೆಹರಿಸಲು ನೋಡಿದರು. ಮರಿಗೆ ಓದಲು ಬರುತ್ತಿರಲಿಲ್ಲ. ಭಾಜಿ ತರಲು ಹೋದ ನನ್ನ ಹೆಂಡತಿ ಚೀಲವನ್ನು ಎದೆಗೆ ಅವುಚಿಕೊಂಡು ಬಂದಳು.

"ಏನದು?" ಅಂದೆ.

"ಮೆಂತ್ಯಾ," ಅಂದಳು.

ಮೆಂತ್ಯ ಸೀನಿತು.

ಚೀಲದಿಂದ ಹೊರಬಂದದ್ದನ್ನು ಬೆಕ್ಕಿನ ಮರಿ ಎನ್ನಲು ಔದಾರ್ಯ ಬೇಕಿತ್ತು. ಎಲುಬಿನ ಮೇಲೆ ಬೂದು ಕೂದಲು, ತುದಿಗೆ ಬಾಲ. ಮೂಗು ಸುರಿಯುತ್ತಿತ್ತು. ಎಡಗಣ್ಣು ಪೂರ್ತಿ ಅಂಟಿಕೊಂಡಿತ್ತು. ಉಳಿದ ಒಂದೇ ಕಣ್ಣಿನಿಂದ ಅದು ನಮ್ಮಿಬ್ಬರನ್ನೂ ಅಳೆದು, ಇವರು ನಂಬಿಕೆಗೆ ಯೋಗ್ಯರಲ್ಲ ಎಂದು ತೀರ್ಮಾನಿಸಿ, ಕಪಾಟಿನ ಅಡಿಗೆ ಹೋಗಿ ಕೂತಿತು. ಮದುವೆಯಾದ ಹೊಸದರಲ್ಲಿ ನನ್ನ ಮಾವನವರು ಹೀಗೆಯೇ ನೋಡಿದ್ದರು.

ಪ್ರಾಣಿಗಳ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ಮರಾಠಿಯಲ್ಲಿ ಮೆತ್ತಗೆ ಮಾತಾಡುವವರು. ಕಣ್ಣಿಗೆ ಹನಿ, ಬಾಯಿಗೆ ಗುಲಾಬಿ ಬಣ್ಣದ ಔಷಧಿ, ಸೂಜಿಯಿಲ್ಲದ ಒಂದು ಪ್ಲಾಸ್ಟಿಕ್ ಸಿರಿಂಜು ಕೊಟ್ಟು ಮೆತ್ತಗೇ ಹೇಳಿದರು: ಒಂದು ಹೊತ್ತೂ ತಪ್ಪಿಸಬೇಡಿ, ತಪ್ಪಿಸಿದರೆ ಕಣ್ಣು ಉಳಿಯುವುದಿಲ್ಲ. ಊಟ ಬಿಡದಂತೆ ನೋಡಿಕೊಳ್ಳಿ, ಬಿಟ್ಟರೆ ಮರಿಯೇ ಉಳಿಯುವುದಿಲ್ಲ.

ಇಷ್ಟು ಸರಳವಾದ ಮಾತನ್ನು ನಾವು ನಮ್ಮ ಕಡೆಯ ಬುದ್ಧಿಯಿಂದ ಜಟಿಲ ಮಾಡಿಕೊಂಡೆವು. ನಮ್ಮ ಕಡೆ ಗುಳಿಗೆ ಎಂದರೆ ಬೆಲ್ಲ. ಬೆಲ್ಲದ ಉಂಡೆಯೊಳಗೆ ಗುಳಿಗೆ ಇಟ್ಟು, ಮಗುವಿಗೆ ಬೇರೆ ಏನೋ ತೋರಿಸುತ್ತ ಬಾಯಿಗೆ ತುರುಕುವುದು. ನಾನು ಹಾಗೆ ಬೆಳೆದೆ, ನನ್ನ ಮಕ್ಕಳೂ ಹಾಗೆಯೇ ಬೆಳೆದರು. ಬೆಕ್ಕು ಯಾವ ದೊಡ್ಡ ಮನುಷ್ಯ? ನನ್ನ ಹೆಂಡತಿ ಹಾಲಿಗೆ ಬೆಲ್ಲ ಹಾಕಿ ಗುಲಾಬಿ ಔಷಧಿ ಕಲಸಿ ಕಪಾಟಿನ ಮುಂದೆ ಇಟ್ಟಳು. ಮರಿ ಮೂಸಿ ನೋಡಿತು, ನಮ್ಮ ಕಡೆ ನೋಡಿತು, ಒಳಗೆ ಹೋಯಿತು. ಮಧ್ಯಾಹ್ನ ಮೊಸರನ್ನದಲ್ಲಿ ಕಲಸಿದಳು, ಒಗ್ಗರಣೆ ಮಾತ್ರ ಹಾಕಿರಲಿಲ್ಲ. ಅದನ್ನು ಮೂಸಲೂ ಇಲ್ಲ. ಮರುದಿನ ಹೆದರಿ ಬರಿಯ ಹಾಲು ಇಟ್ಟರೆ, ಅದನ್ನೂ ಮುಟ್ಟಲಿಲ್ಲ. ಕಲಬೆರಕೆ ಸಿಕ್ಕಿಬಿದ್ದ ಅಂಗಡಿಯಲ್ಲಿ ಆಮೇಲೆ ಗಂಗಾಜಲ ಮಾರಿದರೂ ಕೊಳ್ಳುವವರಿಲ್ಲ.

ಇನ್ನು ಕಣ್ಣಿಗೆ ಹನಿ ಹಾಕುವುದು. ನಾನು ನೆಲದ ಮೇಲೆ ಬೋರಲು ಮಲಗಿ ಕಪಾಟಿನಡಿಗೆ ಕೈ ಚಾಚುತ್ತಿದ್ದೆ. ಹೆಂಡತಿ ಹಿಂದೆ ನಿಂತು, "ಹಂಗ ಎಳೀಬ್ಯಾಡ್ರಿ, ಅದರ ಕಾಲು ಮುರದೀತು... ನಿಮ್ಮ ಕೈ ಮುರೀಲಿ ಬಿಡ್ರಿ, ಅದು ಕೂಡತೈತಿ," ಎಂದು ಆಡಳಿತ ನಡೆಸುತ್ತಿದ್ದಳು. ಹನಿ ಹೆಚ್ಚಾಗಿ ನನ್ನ ಅಂಗಿಗೆ ಬಿತ್ತು. ಅಂಗಿಯ ದೃಷ್ಟಿ ಸುಧಾರಿಸಿರಬೇಕು. ಮರಿ ಮಾತ್ರ ಸೊರಗುತ್ತ ಹೋಯಿತು. ಕಪಾಟಿನ ಅಡಿಯಿಂದ ಕೇಳುತ್ತಿದ್ದ ಬುಸುಗುಟ್ಟುವ ಸದ್ದೂ ನಿಂತಾಗ ನನ್ನ ಹೆಂಡತಿ ನೆಲದ ಮೇಲೆ ಕೂತುಬಿಟ್ಟಳು. "ನಂಬಿಸಿ ಕರ್ಕೊಂಡ್ ಬಂದೆ, ನಂಬಿಸಿ ಕೊಂದ್ನೇನ್ರೀ?" ಅಂದಳು.

ಆ ಹೊತ್ತಿಗೆ ಅಣ್ಣ ಬಂದರು. ಸಂಜೆ ನಾಲ್ಕಕ್ಕೆ ನಮ್ಮಲ್ಲಿ ಚಹಾ ಕುಡಿಯುವುದು ಅವರು ತಮಗೆ ತಾವೇ ಮಂಜೂರು ಮಾಡಿಕೊಂಡ ಹಕ್ಕು. ಎದುರಿಗೇ ಅವರ ಮನೆ, ಅಲ್ಲಿಯೂ ಚಹಾ ಆಗುತ್ತದೆ, ಆದರೂ ಇಲ್ಲೇ ಬರುತ್ತಾರೆ. ಅದು ನಮ್ಮ ಚಹಾದ ಮಹಿಮೆ ಎಂದು ನಾನು ಬಹಳ ದಿನ ನಂಬಿದ್ದೆ.

ಅವರು ಕುರ್ಚಿಯಲ್ಲಿ ಕೂತು ವಿಷಯವನ್ನೆಲ್ಲ ಕೇಳಿದರು. ಮೊಸರನ್ನದ ಬಟ್ಟಲನ್ನು ತರಿಸಿ ನೋಡಿದರು. ಮುಖ ಕಪ್ಪಿಟ್ಟಿತು.

"ಇದರಲ್ಲಿ ಮದ್ದು ಬೆರೆಸಿದ್ದಾ?"

"ಹೂಂರಿ."

"ಊಟದಲ್ಲಿ? ಅಮ್ಮಾ, ನನ್ನ ಹೋಟೆಲಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವತ್ತೇ ಊರಿನ ಬಸ್ಸು ಹತ್ತಿಸ್ತಿದ್ದೆ."

ಆಮೇಲೆ ಅವರು ನಮಗೆ ಹೋಟೆಲಿನ ಧರ್ಮಶಾಸ್ತ್ರವನ್ನು ಬೋಧಿಸಿದರು. ಹೊಸ ಗಿರಾಕಿ ಬಂದ. ಮೊದಲು ನೀರಿನ ಗ್ಲಾಸು ಇಡಬೇಕು. ಏನು ಬೇಕು ಎಂದು ಅವಸರ ಮಾಡಬಾರದು. ತಟ್ಟೆ ಇಟ್ಟು ಹಿಂದೆ ಸರಿಯಬೇಕು. ತಿನ್ನುವವನ ಮುಖ ನೋಡಬಾರದು. ನೋಡಿದರೆ ಅವನು ಎರಡನೇ ಪ್ಲೇಟು ಹೇಳುವುದಿಲ್ಲ. ನಿತ್ಯ ಅದೇ ಹೊತ್ತಿಗೆ ಬಾಗಿಲು ತೆರೆಯಬೇಕು, ನಿತ್ಯ ಅದೇ ಟೇಬಲು ಕೊಡಬೇಕು. ಇನ್ನು ಎಲ್ಲಕ್ಕಿಂತ ದೊಡ್ಡ ಮಾತು:

"ಬಿಲ್ಲು ಊಟದ ನಡುವೆ ಕೊಡ್ಲಿಕ್ಕಿಲ್ಲ. ಸಾಂಬಾರಿನ ಅಡಿಯಲ್ಲಿ ಅಡಗಿಸಿ ಕೊಡ್ಲಿಕ್ಕಿಲ್ಲ. ಊಟ ಮುಗಿಯಬೇಕು, ಕೈ ತೊಳೆಯಬೇಕು, ಆಮೇಲೆ ತಟ್ಟೆಯಲ್ಲಿ ಎದುರಿಗೇ ಇಡಬೇಕು. ಅದರ ಜೊತೆ ಬಡೇಸೋಪು ಯಾಕೆ ಇಡ್ತೇವೆ ಗೊತ್ತುಂಟಾ? ಬಿಲ್ಲು ಕಹಿ ಅಂತ ನಮಗೂ ಗೊತ್ತುಂಟು ಅಂತ ಅವನಿಗೆ ಗೊತ್ತಾಗ್ಲಿ ಅಂತ. ಮದ್ದು ಅಂದ್ರೆ ಬಿಲ್ಲು ಮಾರಾಯ್ರೆ. ಕೊಡಲೇಬೇಕು. ಆದ್ರೆ ಕೊಡುವ ಕ್ರಮ ಉಂಟು."

ಅಂದಿನಿಂದ ಮರಿಯ ಹೆಸರು ಗಿರಾಕಿ ಎಂದಾಯಿತು. ನನ್ನ ಹೆಂಡತಿ ಮನಸ್ಸಿನಲ್ಲಿ ಬೇರೆ ಯಾವುದೋ ದೇವರ ಹೆಸರು ಇಟ್ಟುಕೊಂಡಿದ್ದಳು. ಅದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಮೊದಲ ಸಮಸ್ಯೆ ಬಡೇಸೋಪು. ಬೆಕ್ಕು ಅದನ್ನು ತಿನ್ನುವುದಿಲ್ಲ. ಅಣ್ಣ ತಮ್ಮ ಮನೆಗೆ ಹೋಗಿ ಒಣ ಸಿಗಡಿಯನ್ನು ತಂದರು, ಉಪ್ಪು ಹೋಗುವಷ್ಟು ನೀರಿನಲ್ಲಿ ನೆನೆಸಿ, ಉಗುರಿನಷ್ಟು ಚೂರು ಮಾಡಿ, ಇದೇ ತಟ್ಟೆಯಲ್ಲಿಟ್ಟುಕೊಂಡು. ನಮ್ಮ ಮನೆಗೆ ಆ ವಾಸನೆ ಅದೇ ಮೊದಲು. ನನ್ನ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಹೊಸ್ತಿಲಲ್ಲಿ ಶೃಂಗಸಭೆ ನಡೆಯಿತು. ಸಿಗಡಿಯ ಡಬ್ಬಿ ಎದುರುಮನೆಯಲ್ಲೇ ಇರತಕ್ಕದ್ದು. ಅಣ್ಣನೇ ತಟ್ಟೆಯಲ್ಲಿ ತರತಕ್ಕದ್ದು. ಹೊಸ್ತಿಲಿನ ಪಕ್ಕದ ಮರದ ಸ್ಟೂಲಿನಿಂದ ಈಚೆಗೆ ಅದು ಬರಕೂಡದು. ಅಣ್ಣ ಒಪ್ಪಿದರು. "ಸರಿ, ಈ ಸ್ಟೂಲೇ ಗಲ್ಲೆ. ಬಿಲ್ಲು ಇಲ್ಲೇ, ಬೇರೆ ಎಲ್ಲಿಯೂ ಇಲ್ಲ. ಕಪಾಟಿನ ಹತ್ತಿರ ಅದಕ್ಕೆ ಯಾರೂ ಕೈ ಹಾಕ್ಲಿಕ್ಕಿಲ್ಲ. ಅದು ಅದರ ಟೇಬಲು."

ನೀರಿಟ್ಟೆವು. ಬೇಯಿಸಿ ಕಿವುಚಿದ ಮೊಟ್ಟೆಯ ಮೇಲೆ, ಒಪ್ಪಂದಕ್ಕೆ ಒಳಪಡದ ಸಿಗಡಿಯ ನೀರು ಚಿಮುಕಿಸಿ ಕಪಾಟಿನ ಮುಂದೆ ಇಟ್ಟೆವು. (ಮೊಟ್ಟೆ ನಮ್ಮ ಮನೆಗೆ ಹೇಗೆ ಬಂತು ಎಂಬುದರ ಬಗ್ಗೆ ಪ್ರತ್ಯೇಕ ಒಪ್ಪಂದವಾಯಿತು, ಅದರ ವಿವರ ಗೌಪ್ಯ.) ಹಿಂದೆ ಸರಿದೆವು. ನಾನು ಕದ್ದು ನೋಡುತ್ತಿದ್ದೆ.

"ನೀವು ನೋಡಬೇಡಿ," ಅಂದರು ಅಣ್ಣ. "ಆ ಕಡೆ ತಿರುಗಿ. ನನ್ನ ಮನೆ ಬಾಗಿಲು ನೋಡಿ, ಚಂದ ಉಂಟು."

ನಾನು ತೆರೆದ ಬಾಗಿಲಿನಿಂದ ಎದುರಿನ ಬಾಗಿಲನ್ನು ನೋಡುತ್ತ ನಿಂತೆ. ಕಂದು ಬಣ್ಣ, ಹಿತ್ತಾಳೆಯ ಚಿಲಕ, ಒಣಗಿದ ಮಾವಿನ ತೋರಣ. ಬೆನ್ನ ಹಿಂದೆ ಬಹಳ ಹೊತ್ತು ಏನೂ ಇಲ್ಲ. ಮೂವರೂ ಉಸಿರು ಹಿಡಿದಿದ್ದೆವು, ಫಲಿತಾಂಶದ ದಿನದಂತೆ. ಆಮೇಲೆ ಬಟ್ಟಲು ನೆಲದ ಮೇಲೆ ಸ್ವಲ್ಪ ಸರಿದ ಸದ್ದು... ನೆಕ್ಕುವ ಸದ್ದು. ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡದ್ದು ಈ ಸಲ ವಾಸನೆಗಲ್ಲ.

ಊಟವೇನೋ ಆಯಿತು. ಇನ್ನು ಬಿಲ್ಲು. ಶಾಸ್ತ್ರ ಹೇಳಿದವರೇ ಪ್ರಯೋಗವನ್ನೂ ತೋರಿಸುತ್ತೇನೆಂದರು. ಟವೆಲಿನಲ್ಲಿ ಗಿರಾಕಿಯನ್ನು ಹಿಡಿದು, ಗಲ್ಲೆಯ ಮುಂದೆ ಕೂತು, ಬಾಯಿ ತೆರೆಸಲು ಹೋದರು. ಆಮೇಲೆ ಏನಾಯಿತೆಂದು ನನಗೆ ಪೂರ್ತಿ ಗೊತ್ತಿಲ್ಲ, ಏಕೆಂದರೆ ನಾನು ಬಾಗಿಲು ನೋಡುತ್ತಿದ್ದೆ. ತಿರುಗಿದಾಗ ಟವೆಲು ಅಣ್ಣನ ತಲೆಯ ಮೇಲಿತ್ತು, ಗಿರಾಕಿ ಅವರ ಲುಂಗಿಯನ್ನು ಏರುತ್ತಿತ್ತು, ಅಣ್ಣ ತುಳುವಿನಲ್ಲಿ ಯಾರದೋ ಪೂರ್ವಜರನ್ನು ಸ್ಮರಿಸುತ್ತಿದ್ದರು. ಕೈಯ ಮೇಲೆ ಕೆಂಪು ಗೆರೆಗಳು.

"ಡಾಕ್ಟರ ಕಡೆ ನಡೀರಿ, ಸೂಜಿ ಮಾಡಸ್ಬೇಕು," ಅಂದೆ.

"ಮಾಡಿಸುವ. ಅದು ದೊಡ್ಡದಲ್ಲ," ಅಂದರು ಅಣ್ಣ, ಗಾಂಭೀರ್ಯವನ್ನೂ ಲುಂಗಿಯನ್ನೂ ಒಟ್ಟಿಗೆ ಸರಿಪಡಿಸಿಕೊಳ್ಳುತ್ತ. "ಬಿಲ್ಲು ನೋಡಿ ಜಗಳ ಮಾಡುವ ಗಿರಾಕಿ ಇರ್ತಾರೆ. ಅವರೇ ಮತ್ತೆ ಖಾಯಂ ಆಗೋದು."

"ನೀವು ಹೇಳೂದು ಖರೆ ಐತ್ರಿ ಅಣ್ಣಾ, ನಿಮ್ಮ ಕೈ ಖರೆ ಇಲ್ಲ," ಅಂದಳು ನನ್ನ ಹೆಂಡತಿ. ಒಳಗೆ ಹೋಗಿ ತನ್ನ ಹಳೆಯ ಇಳಕಲ್ಲ ಸೀರೆಯ ತುಂಡೊಂದನ್ನು ತಂದಳು, ತೊಳೆದು ತೊಳೆದು ಹೂವಿನಂತಾದದ್ದು. "ಬಾಣಂತನದಾಗ ಕೂಸಿಗೆ ಸುತ್ತತಾರಲ್ಲ, ಹಂಗ." ಎದುರಿನಿಂದಲ್ಲ, ಹಿಂದಿನಿಂದ ಮೆಲ್ಲಗೆ ಹೋಗಿ ಮರಿಯನ್ನು ಬಟ್ಟೆಗೆ ತೆಗೆದುಕೊಂಡಳು. ನಾಲ್ಕು ಕಾಲೂ ಒಳಗೆ, ತಲೆ ಮಾತ್ರ ಹೊರಗೆ. ಬೆನ್ನು ತನ್ನ ಹೊಟ್ಟೆಗೆ ಒರಗುವಂತೆ ಸ್ಟೂಲಿನ ಮೇಲೆ ಕೂರಿಸಿಕೊಂಡಳು. ಕೋರೆಹಲ್ಲಿನ ಹಿಂದಿನ ಸಂದಿಯಿಂದ ಸಿರಿಂಜು, ಕಣ್ಣಿನ ಮೂಲೆಗೆ ಒಂದು ಹನಿ. ನಾವು ಗಂಡಸರು ಇನ್ನೂ ಮೊದಲ ಅಧ್ಯಾಯದಲ್ಲಿರುವಾಗ ಗ್ರಂಥವೇ ಮುಗಿದಿತ್ತು. ತಕ್ಷಣ ಅಣ್ಣ ತಟ್ಟೆ ಮುಂದಿಟ್ಟರು. ಗಿರಾಕಿ ಬಟ್ಟೆಯೊಳಗಿನಿಂದಲೇ ಕತ್ತು ಚಾಚಿ, ಕೋಪದಿಂದ, ಸಿಗಡಿಯ ಚೂರನ್ನು ತಿಂದಿತು.

ಹೀಗೆ ಸರ್ಕಾರ ರಚನೆಯಾಯಿತು. ನೀತಿ ಅಣ್ಣನದು, ಕೈ ಹೆಂಡತಿಯದು. ಬಾಗಿಲು ನೋಡುವ ಖಾತೆ ನನ್ನದು. ಬೆಳಿಗ್ಗೆ ಮತ್ತು ಸಂಜೆ ಹೋಟೆಲು ತೆರೆಯಿತು. ಕಪಾಟಿನ ಹತ್ತಿರ ಯಾರೂ ಕೈ ಹಾಕಲಿಲ್ಲ. ಮರಿ ಮೊದಲು ಮೂತಿ ಹೊರಗೆ ಹಾಕಿತು, ಆಮೇಲೆ ಮುಂಗಾಲು, ಆಮೇಲೆ ನಾನು ಪೇಪರು ಓದುವಾಗ ಪೇಪರಿನ ನೆರಳಿನಲ್ಲಿ ಬಂದು ಕೂತಿತು, ನನಗೂ ತನಗೂ ಸಂಬಂಧವಿಲ್ಲವೆಂಬಂತೆ ಬೆನ್ನು ತಿರುಗಿಸಿ. ನಾನೂ ಸಂಬಂಧವಿಲ್ಲವೆಂಬಂತೆ ಒಂದೇ ಪುಟವನ್ನು ಓದುತ್ತ ಉಳಿದೆ.

ಈ ನಡುವೆ ಒಂದು ಸಂಜೆ ಅಣ್ಣನ ಸೊಸೆ ಬಾಗಿಲಿಗೆ ಬಂದಳು. ಮುಂಬಯಿಯಲ್ಲೇ ಹುಟ್ಟಿದವಳು, ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವಾಗ ದಾರಿ ತಪ್ಪುತ್ತದೆ. "ಆಂಟಿ, ಪಪ್ಪಾ ಇಲ್ಲಿ ಏನಾದ್ರೂ ತಿಂದ್ರು? ಘರ್ ಪೇ ಕುಛ್ ಭೀ ನಹೀ ತಿಂತಾರೆ. ಬಿ.ಪಿ. ಗೋಲಿ ಭೀ ನಹೀ." ಅಣ್ಣ ಚಹಾದ ಲೋಟದೊಳಗೆ ನೋಡುತ್ತ ಕೂತರು. ಅವಳು ಹೋದ ಮೇಲೆ, ಯಾರನ್ನೂ ಉದ್ದೇಶಿಸದೆ ಹೇಳಿದರು: "ಗಂಜಿಯಲ್ಲಿ ಪುಡಿ ಮಾಡಿ ಹಾಕ್ತಾರೆ. ನನಗೆ! ನಲ್ವತ್ತು ವರ್ಷ ಸಾಂಬಾರಿನ ರುಚಿ ನೋಡಿದ ನಾಲಿಗೆ ಇದು. ಗೊತ್ತಾಗೋದಿಲ್ವಾ?"

ಅವರ ಮಗ ಔಷಧಿ ಕಂಪನಿಯ ರೆಪ್ರೆಸೆಂಟೇಟಿವ್. ಮುಲುಂಡಿನಿಂದ ಕಾಂದಿವಲಿಯವರೆಗೆ ಡಾಕ್ಟರುಗಳನ್ನೇ ಒಲಿಸುತ್ತ ತಿರುಗುವವನು. ಇಡೀ ಊರಿಗೆ ಗುಳಿಗೆ ನುಂಗಿಸಬಲ್ಲವನಿಗೆ ಅಪ್ಪನಿಗೆ ಒಂದು ನುಂಗಿಸಲಾಗಿರಲಿಲ್ಲ. ನಮ್ಮ ಮನೆಯ ಚಹಾದ ಮಹಿಮೆ ಏನೆಂದು ನನಗೆ ಆಗ ತಿಳಿಯಿತು. ಅದರಲ್ಲಿ ಏನೂ ಬೆರೆಸಿರುತ್ತಿರಲಿಲ್ಲ, ಅಷ್ಟೇ.

ನನ್ನ ಹೆಂಡತಿ ಮರುದಿನ ಗಿರಾಕಿಯ ಬಿಲ್ಲು ಮುಗಿದ ಮೇಲೆ ಎದುರುಮನೆಗೆ ಹೋಗಿ ಬಂದಳು. ತಟ್ಟೆಯನ್ನು ತೊಳೆದಳು. ಒಂದು ಬದಿಗೆ ಬಡೇಸೋಪು ಹಾಕಿದಳು, ನಡುವೆ ಬಿಳಿಯ ಗುಳಿಗೆ, ಪಕ್ಕದಲ್ಲಿ ನೀರಿನ ಲೋಟ. ಅಣ್ಣ ಚಹಾ ಮುಗಿಸಿ ಲೋಟ ಕೆಳಗಿಟ್ಟ ಮೇಲೆ, ಎದುರಿಗೇ ಇಟ್ಟಳು.

"ಅಣ್ಣಾ, ನಿಮ್ಮ ಬಿಲ್ಲ್ರೀ."

ಅಣ್ಣ ತಟ್ಟೆಯನ್ನು ನೋಡಿದರು. ನಾನು ನನ್ನ ಖಾತೆಯ ಜವಾಬ್ದಾರಿ ನೆನಪಾಗಿ ಎದುರಿನ ಬಾಗಿಲಿನ ಕಡೆ ತಿರುಗಿದೆ. ಅಲ್ಲಿ ಸೊಸೆ ನಿಂತಿದ್ದಳು, ಬಾಗಿಲು ಅರ್ಧ ತೆರೆದು.

"ಸರ್ವಿಸ್ ಚಾರ್ಜು ಹಾಕಿಲ್ಲ ತಾನೆ?" ಎಂಬ ಮಾತು ಬೆನ್ನ ಹಿಂದೆ ಕೇಳಿತು. ನೀರು ಗುಟುಕರಿಸಿದ ಸದ್ದು. ಆಮೇಲೆ ಬಡೇಸೋಪು ಅಗಿಯುವ ಸದ್ದು. ಸೊಸೆಯ ಭುಜಗಳು ಒಂದು ಇಂಚು ಕೆಳಗಿಳಿದದ್ದನ್ನು ನಾನು ಕಂಡೆ. ಮುಂದಿನ ವಾರದಿಂದ ತಟ್ಟೆ ಅವಳ ಕೈಗೆ ಹೋಯಿತು. ಗಂಜಿ ಗಂಜಿಯಾಯಿತು, ಗುಳಿಗೆ ಗುಳಿಗೆಯಾಯಿತು. ಅಣ್ಣ ಮನೆಯಲ್ಲಿ ಎರಡನೇ ಸೌಟು ಕೇಳುತ್ತಿದ್ದಾರೆಂದು ವರದಿ ಬಂತು. ನಾಲ್ಕು ಗಂಟೆಯ ಚಹಾಕ್ಕೆ ಇನ್ನು ಬರುವುದಿಲ್ಲವೇನೋ ಎಂದು ನನಗೆ ಒಳಗೊಳಗೇ ಅಂಜಿಕೆಯಿತ್ತು. ಬಂದರು. ಹಾಗಾದರೆ ಚಹಾದ್ದೂ ಸ್ವಲ್ಪ ಮಹಿಮೆ ಇತ್ತು.

ಗಿರಾಕಿಯ ಎಡಗಣ್ಣು ತೆರೆದದ್ದು ಒಂದು ಬೆಳಿಗ್ಗೆ. ಮೊದಲು ಗೆರೆಯಷ್ಟು. ಆಮೇಲೆ ಹುಣಸೆಬೀಜದಷ್ಟು. ಒಳಗೆ ಹಸಿರು ಇತ್ತು; ನಮಗೆ ಗೊತ್ತೇ ಇರಲಿಲ್ಲ. ಡಾಕ್ಟರಮ್ಮ ದೀಪ ಹಿಡಿದು ನೋಡಿ, ಮೂಲೆಯಲ್ಲಿ ಸ್ವಲ್ಪ ಮಬ್ಬು ಉಳಿಯುತ್ತದೆ, ಕಣ್ಣು ಉಳಿಯಿತು ಎಂದರು. ಹೆಂಡತಿ ಡಾಕ್ಟರಮ್ಮನ ಕೈ ಹಿಡಿದುಕೊಂಡು ಕನ್ನಡದಲ್ಲಿ ಏನೇನೋ ಹೇಳಿದಳು. ಅವರು ಮರಾಠಿಯಲ್ಲಿ ಎಲ್ಲಕ್ಕೂ ಹೌದೆಂದರು.

ಮನೆಗೆ ಬಂದಾಗ ಅಣ್ಣ ಆಗಲೇ ತಟ್ಟೆ ಹಿಡಿದು ಕಾಯುತ್ತಿದ್ದರು. ಅವತ್ತು ಯಾರೂ ಹಿಡಿಯಲು ಹೋಗುವ ಮೊದಲೇ ಗಿರಾಕಿ ತಾನಾಗಿ ನಡೆದು ಬಂದು ಸ್ಟೂಲಿನ ಮೇಲೆ ಹತ್ತಿ ಕೂತಿತು. ಔಷಧಿಯ ಬಾಟಲಿಯನ್ನು ಎರಡೂ ಕಣ್ಣಿನಿಂದ ನೋಡಿತು, ಓಡಲಿಲ್ಲ.

"ನೋಡಿ," ಅಂದರು ಅಣ್ಣ. "ಬಿಲ್ಲು ಕಟ್ಲಿಕ್ಕೆ ತಾನೇ ಗಲ್ಲೆಗೆ ಬಂದ ಗಿರಾಕಿ. ನನ್ನ ಸರ್ವಿಸಿನಲ್ಲೇ ಇದು ಮೊದಲು."

ಅಣ್ಣ ಹೋಗಿ ಈಗ ಮೂರು ವರ್ಷ. ಗುಳಿಗೆಗಳು ತಮ್ಮ ಕೆಲಸ ಮಾಡಿದ್ದವು. ಹೋಗುವ ದಿನ ಬಂದಿತ್ತು, ಅಷ್ಟೇ. ಬೆಳಿಗ್ಗೆ ಗಂಜಿ ಉಂಡು, ಬಡೇಸೋಪು ಬಾಯಿಗೆ ಹಾಕಿಕೊಂಡು, ಕುರ್ಚಿಯಲ್ಲಿ ಒರಗಿದವರು ಮತ್ತೆ ಏಳಲಿಲ್ಲವಂತೆ. ಊಟ ಮುಗಿಸಿ ಎದ್ದು ಹೋದ ರೀತಿ ಅದು. ಮಗ ಸೊಸೆ ಆಮೇಲೆ ಕಾಂದಿವಲಿಗೆ ಮನೆ ಬದಲಿಸಿದರು. ಸಾಮಾನು ಇಳಿಸುವಾಗ ಸೊಸೆ ತಟ್ಟೆಯನ್ನು ತಂದು ನನ್ನ ಹೆಂಡತಿಯ ಕೈಯಲ್ಲಿಟ್ಟಳು. ಏನೋ ಹೇಳಹೊರಟಳು, ಯಾವ ಭಾಷೆಯಲ್ಲೂ ಬರಲಿಲ್ಲ...

ಈಗ ಎದುರುಮನೆಯಲ್ಲಿ ಒಂದು ಗುಜರಾತಿ ಕುಟುಂಬವಿದೆ. ಒಳ್ಳೆಯವರು. ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದ್ದಾರೆ.

ಇವತ್ತು ಬೆಳಿಗ್ಗೆ ಮರದ ಸ್ಟೂಲನ್ನು ಹೊಸ್ತಿಲ ಪಕ್ಕಕ್ಕೆ ಎಳೆದೆ. ಗಿರಾಕಿ ಈಗ ದಪ್ಪಗಾಗಿದೆ, ಹಣ್ಣಾಗಿದೆ. ಇಷ್ಟು ವರ್ಷದ ಮೇಲೆ ನಡಾವಳಿ ನೆನಪಿದೆಯೋ ಇಲ್ಲವೋ ಎಂದು ನಮಗೆ ಅನುಮಾನವಿತ್ತು. ಹೆಂಡತಿ ಇಳಕಲ್ಲ ತುಂಡನ್ನು ಹುಡುಕಿ ತಂದಿದ್ದಳು. ಬೇಕಾಗಲಿಲ್ಲ. ಬೆಕ್ಕು ಅದನ್ನು ಮೂಸಿ, ಸ್ಟೂಲು ಹತ್ತಿ, ಅವಳ ಹೊಟ್ಟೆಗೆ ಬೆನ್ನು ಒರಗಿಸಿ ಕೂತಿತು. ಸಿರಿಂಜು ಒಳಗೆ ಹೋಯಿತು. ಮುಖ ಕಿವುಚಿತು. ನುಂಗಿತು.

"ತಟ್ಟಿ ಇಡ್ರಿ ಲಗೂನ," ಅಂದಳು ಹೆಂಡತಿ.

ಸಿಗಡಿಯ ಡಬ್ಬಿ ಈಗ ನಮ್ಮ ಮನೆಯಲ್ಲೇ ಇರುತ್ತದೆ, ಹೊರಗಿನ ಗ್ಯಾಲರಿಯಲ್ಲಿ, ಎರಡು ಮುಚ್ಚಳದ ಒಳಗೆ. ನೆನೆಸಿದ ಚೂರನ್ನು ತಟ್ಟೆಯಲ್ಲಿಟ್ಟು ಮುಂದೆ ಸರಿಸಿದೆ. ತಿನ್ನುವವರ ಮುಖ ನೋಡಬಾರದು. ಆದ್ದರಿಂದ ತಿರುಗಿ ಎದುರಿನ ಬಾಗಿಲನ್ನು ನೋಡುತ್ತ ನಿಂತೆ. ನೀಲಿಯೂ ಪರವಾಗಿಲ್ಲ... ಬೆನ್ನ ಹಿಂದೆ ಸ್ಟೀಲಿನ ತಟ್ಟೆ ಸ್ಟೂಲಿನ ಮೇಲೆ ಸ್ವಲ್ಪ ಸರಿದ ಸದ್ದಾಯಿತು. ನಾನು ತಿರುಗಲಿಲ್ಲ.